ಮೂರು ತಿಂಗಳಿಗೊಂದು ಹುಚ್ಚು: ನನಗೆ ನಿಜವಾದ ಪ್ಯಾಶನ್ನೇ ಇಲ್ವಾ?

ಪ್ರಶ್ನೆ: ಮೇಡಂ, ನನಗೆ 19 ವರ್ಷ. ಡಿಗ್ರಿ ಎರಡನೇ ವರ್ಷ, ಕಾಮರ್ಸ್. ಫೋನಿನಲ್ಲಿ ‘ಈಗಿನ ಫೇವರಿಟ್’ ಅಂತ ಒಂದು ಪಟ್ಟಿ ಇಟ್ಟುಕೊಂಡಿದ್ದೇನೆ. ಇಷ್ಟದ ಹಾಡು, ಸೀರೀಸ್, ಹವ್ಯಾಸ ಎಲ್ಲ ಅದರಲ್ಲಿರುತ್ತೆ. ಮೊನ್ನೆ ಹಳೆಯದನ್ನೆಲ್ಲ ತೆಗೆದು ನೋಡಿದರೆ ಮೂರು ಮೂರು ತಿಂಗಳಿಗೆ ಪೂರ್ತಿ ಬದಲಾಗಿದೆ. ಮೊದಲು ಗಿಟಾರ್. ಎಫ್ ಕಾರ್ಡ್ (ಹಲವು ಸ್ವರ ಒಟ್ಟಿಗೆ ನುಡಿಸುವ ಒಂದು ಬೆರಳ ಜೋಡಣೆ) ಕಲಿಯುವ ಹೊತ್ತಿಗೆ ಬೇಜಾರಾಗಿ ಮೂಲೆಗಿಟ್ಟೆ. ಆಮೇಲೆ ಆನ್‌ಲೈನ್ ಚೆಸ್. ರೇಟಿಂಗ್ ಇಳಿಯಲು ಶುರುವಾದ ಮೇಲೆ ಆ್ಯಪ್ ಅಳಿಸಿದೆ. ಆಮೇಲೆ ಫೋಟೋಗ್ರಫಿ, ಅದೂ ಹೋಯ್ತು. ಈಗ ಸ್ಕೆಚಿಂಗ್. ಮುಖ ಚೆನ್ನಾಗಿ ಬರುತ್ತೆ, ಕೈ ಬರಲ್ಲ. ಅದಕ್ಕೆ ನಾನು ಬಿಡಿಸಿದವರೆಲ್ಲ ಜೇಬಿನಲ್ಲಿ ಕೈ ಇಟ್ಟುಕೊಂಡೇ ನಿಂತಿರುತ್ತಾರೆ! ಚಿತ್ರ ಹಾಕಲು ಒಂದು ಅಕೌಂಟ್ ತೆರೆದಿದ್ದೆ. ಲೈಕ್ ಕಡಿಮೆಯಾದಾಗಿನಿಂದ ಪೆನ್ಸಿಲ್ ಹಿಡಿಯಲೂ ಮನಸ್ಸಿಲ್ಲ. ನನ್ನ ಗೆಳತಿ ಐದನೇ ವಯಸ್ಸಿನಿಂದ ಡ್ಯಾನ್ಸ್ ಮಾಡುತ್ತಿದ್ದಾಳೆ, ಅವಳನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತೆ. ಅಪ್ಪ ‘ನೀನು ಯಾವುದನ್ನೂ ನೆಟ್ಟಗೆ ಮಾಡಲ್ಲ’ ಅಂತಾರೆ. ರಾತ್ರಿ ಎರಡೂವರೆ, ಮೂರರವರೆಗೆ ಎದ್ದಿರುತ್ತೇನೆ. ಎಂಟೂವರೆ ಕ್ಲಾಸಿನಲ್ಲಿ ತೂಕಡಿಸುತ್ತೇನೆ. ಮೊದಲ ವರ್ಷ ಅಕೌಂಟ್ಸ್ ಇಷ್ಟವಿತ್ತು, ಈಗ ಅದೂ ಸಾಕಾಗಿದೆ. ಕೋರ್ಸ್ ಬಿಟ್ಟು ಡಿಸೈನ್ ಸೇರಲಾ? ಇಂಟರ್ನೆಟ್‌ನಲ್ಲಿ ಟೆಸ್ಟ್ ಮಾಡಿದೆ, ಎಡಿಎಚ್‌ಡಿ (ಗಮನ ನಿಲ್ಲದ, ಚಂಚಲತೆಯ ತೊಂದರೆ) ಇರಬಹುದು ಅಂತ ಬಂತು. ನನ್ನಲ್ಲೇ ಏನೋ ದೋಷ ಇದೆಯಾ?

ಉತ್ತರ: ನಿಮ್ಮ ಪತ್ರದಲ್ಲಿ ನೀವು ಕೇಳಿರುವ ಪ್ರಶ್ನೆ ಒಂದು, ನನಗೆ ಕಾಣುತ್ತಿರುವ ತೊಂದರೆ ಇನ್ನೊಂದು. ನೀವು ಚಿಂತೆ ಮಾಡುತ್ತಿರುವುದು ಬದಲಾಗುವ ಇಷ್ಟಗಳ ಬಗ್ಗೆ. ನನಗೆ ಚಿಂತೆ ಇರುವುದು ರಾತ್ರಿ ಮೂರು ಗಂಟೆಯ ಬಗ್ಗೆ. ಎರಡನ್ನೂ ಬಿಡಿಸಿ ಹೇಳುತ್ತೇನೆ. ಕೋರ್ಸ್ ವಿಷಯ, ಎಡಿಎಚ್‌ಡಿ ವಿಷಯ ಆಮೇಲೆ.

ಮೊದಲು ಆ ಪಟ್ಟಿ. ಹಾಡು, ಸೀರೀಸ್‌ಗಳು ಮೂರು ತಿಂಗಳಿಗೆ ಬದಲಾಗಿದ್ದರೆ ಅದರ ಬಗ್ಗೆ ಯೋಚನೆಯನ್ನೇ ಬಿಡಿ. 19ಕ್ಕೆ ಅದು ಬದಲಾಗದೆ ಇನ್ನೇನಾಗಬೇಕು? ಹದಿಹರೆಯದಿಂದ ಇಪ್ಪತ್ತರ ಆಸುಪಾಸಿನವರೆಗೆ ಕೇಳಿದ ಹಾಡುಗಳೇ ಮುಂದೆ ಹೆಚ್ಚಿನವರ ನೆನಪಿನಲ್ಲಿ ಗಟ್ಟಿಯಾಗಿ ಉಳಿಯುತ್ತವೆ. ಈಗ ಮನಸ್ಸಿಗೆ ಬಂದಷ್ಟು ಕೇಳಿ. ಪಟ್ಟಿಯನ್ನೂ ಅಳಿಸಬೇಡಿ, ಮುಂದೆ ಓದಲು ಮಜಾ ಇರುತ್ತೆ.

ಹವ್ಯಾಸಗಳ ವಿಷಯ ಸ್ವಲ್ಪ ಬೇರೆ. ಇಲ್ಲಿ ನಿಮ್ಮನ್ನು ಕಾಡುತ್ತಿರುವುದು ಒಂದು ನಂಬಿಕೆ. ಪ್ರತಿಯೊಬ್ಬರೊಳಗೂ ಒಂದೇ ಒಂದು ಪ್ಯಾಶನ್ ಮೊದಲೇ ಕೂತಿದೆ, ಅದನ್ನು ಹುಡುಕಿ ತೆಗೆದರೆ ಸಾಕು, ಆಮೇಲೆ ಎಲ್ಲ ಸಲೀಸು ಎಂಬ ನಂಬಿಕೆ. ಭಾಷಣಗಳಲ್ಲಿ ಇದನ್ನು ಕೇಳಿ ಕೇಳಿ ನಿಜ ಅನ್ನಿಸಿಬಿಟ್ಟಿದೆ. ಮನಃಶಾಸ್ತ್ರದಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. 2018ರಲ್ಲಿ ಪಾಲ್ ಓಕೀಫ್, ಕ್ಯಾರಲ್ ಡ್ವೆಕ್ ಮತ್ತು ಗ್ರೆಗರಿ ವಾಲ್ಟನ್ ಪ್ರಕಟಿಸಿದ ಅಧ್ಯಯನದ ಒಂದು ಭಾಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಕಪ್ಪುಕುಳಿಗಳ ಬಗ್ಗೆ ಒಂದು ಚೆಂದದ ವಿಡಿಯೋ ತೋರಿಸಿದರು. ಎಲ್ಲರಿಗೂ ಕುತೂಹಲ ಬಂತು. ಮುಂದಿನ ಹೆಜ್ಜೆಯಾಗಿ ಅದೇ ವಿಷಯದ ಮೇಲೆ ಕಷ್ಟದ ವಿಜ್ಞಾನ ಲೇಖನ ಓದಲು ಕೊಟ್ಟರು. ಆಸಕ್ತಿ ಅನ್ನುವುದು ಹುಟ್ಟಿನಿಂದ ಒಳಗೇ ಇರುವಂಥದ್ದು ಎಂದು ನಂಬಿದವರ ಉತ್ಸಾಹ ಜಾಸ್ತಿ ಇಳಿದಿತ್ತು. ಆಸಕ್ತಿ ಬೆಳೆಸಿಕೊಳ್ಳುವಂಥದ್ದು ಎಂದು ನಂಬಿದವರಲ್ಲಿ ಅಷ್ಟು ಇಳಿಯಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ‘ಇದು ನನ್ನದೇ ಆಗಿದ್ದರೆ ಸುಲಭವಾಗಿ ಬರಬೇಕಿತ್ತು, ಬರ್ತಿಲ್ಲ, ಹಾಗಾದರೆ ನನ್ನದಲ್ಲ’ ಎಂದು ಅವರು ಲೆಕ್ಕ ಹಾಕುತ್ತಾರೆ.

ಈಗ ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿ. ಗಿಟಾರ್ ಯಾವಾಗ ಬಿಟ್ಟಿರಿ? ಎಫ್ ಕಾರ್ಡ್‌ನಲ್ಲಿ. ಗಿಟಾರ್ ಕಲಿತ ಯಾರನ್ನೇ ಕೇಳಿ, ನಗುತ್ತಾರೆ. ಅಲ್ಲಿಯವರೆಗಿನ ಕಾರ್ಡ್‌ಗಳಿಗೆ ಬೆರಳ ತುದಿಗಳು ಸಾಕು. ಎಫ್‌ಗೆ ತೋರುಬೆರಳನ್ನು ಅಡ್ಡಲಾಗಿ ಮಲಗಿಸಿ ಆರೂ ತಂತಿಗಳನ್ನು ಒಟ್ಟಿಗೆ ಒತ್ತಬೇಕು. ಅದೂ ಮೊದಲನೇ ಫ್ರೆಟ್‌ನಲ್ಲಿ (ಗಿಟಾರ್ ಕತ್ತಿನ ಮೇಲಿನ ಮೊದಲ ಮನೆಯಲ್ಲಿ), ತಂತಿ ಅತಿ ಬಿಗಿ ಅನ್ನಿಸುವ ಜಾಗದಲ್ಲಿ. ಎರಡು ತಂತಿ ನುಡಿದರೆ ನಾಲ್ಕು ಬರೀ ಟಪ್ ಟಪ್ ಅನ್ನುತ್ತವೆ. ಹೆಬ್ಬೆರಳ ಬುಡ ನೋಯುತ್ತೆ. ಗಿಟಾರನ್ನು ಮೂಲೆಗಿಡುವವರಲ್ಲಿ ತುಂಬಾ ಜನ ಇಡುವುದು ಇಲ್ಲೇ. ಚೆಸ್ ಬಿಟ್ಟದ್ದು ಸೋಲಲು ಶುರುವಾದಾಗ, ಅಂದರೆ ನಿಮ್ಮ ರೇಟಿಂಗ್ ಏರಿ ಏರಿ ನಿಮಗಿಂತ ಗಟ್ಟಿ ಆಟಗಾರರು ಎದುರು ಸಿಗತೊಡಗಿದಾಗ. ಸ್ಕೆಚಿಂಗ್‌ನಲ್ಲಿ ಜಾರಿಕೊಂಡದ್ದು ಕೈ ಬಿಡಿಸಬೇಕಾದಾಗ. ಮೂರೂ ಕಡೆ ನಡೆದದ್ದು ಒಂದೇ, ಅಲ್ವಾ? ಹೊಸತನ ಮುಗಿದು ಕಷ್ಟ ಶುರುವಾಗುವ ಜಾಗ ಬಂದ ಕೂಡಲೇ ನೀವು ಎದ್ದು ಹೊರಟಿದ್ದೀರಿ.

ಫೋಟೋಗ್ರಫಿ ಬಗ್ಗೆ ಮಾತ್ರ ಯಾಕೆ ಬಿಟ್ಟೆ ಅಂತ ಬರೆದಿಲ್ಲ. ಬಹುಶಃ ಸುಮ್ನೆ ಸಾಕಾಯಿತೇನೋ. ಹಾಗೆ ಬಿಡುವುದರಲ್ಲಿ ಏನೂ ತಪ್ಪಿಲ್ಲ. ಎಲ್ಲವನ್ನೂ ಕೊನೆ ಮುಟ್ಟಿಸಬೇಕು ಅಂತ ಎಲ್ಲೂ ಬರೆದಿಲ್ಲ.

ಶುರುವಿನಲ್ಲಿ ಅಷ್ಟು ಉತ್ಸಾಹ ಯಾಕೆ, ಆಮೇಲೆ ಯಾಕೆ ಇಳಿಯುತ್ತೆ? ಮೆದುಳಿನ ಡೋಪಮಿನ್ ಬಗ್ಗೆ ನೀವು ಕೇಳಿರುತ್ತೀರಿ. ಅದನ್ನು ‘ಖುಷಿಯ ರಾಸಾಯನಿಕ’ ಅನ್ನುವುದು ಅಷ್ಟು ಸರಿಯಲ್ಲ. ಡೋಪಮಿನ್ ನರಕೋಶಗಳು ಚುರುಕಾಗುವುದು ಮುಖ್ಯವಾಗಿ ಅಂದುಕೊಂಡದ್ದಕ್ಕಿಂತ ಒಳ್ಳೆಯದು ಸಿಕ್ಕಾಗ. ಮೊದಲ ವಾರ ನೀವು ಏನೂ ನಿರೀಕ್ಷೆ ಇಲ್ಲದೆ ತಂತಿ ಮೀಟಿದಿರಿ, ಒಂದು ಹಾಡಿನ ನಾಲ್ಕು ಸಾಲು ಬಂತು. ಅದು ದೊಡ್ಡ ಲಾಭ. ಎಂಟನೇ ವಾರಕ್ಕೆ ಅದೇ ನಾಲ್ಕು ಸಾಲು ಬಂದೇ ಬರುತ್ತೆ ಅಂತ ಗೊತ್ತು, ಹೊಸದು ಬರಲು ದಿನಗಟ್ಟಲೆ ಬೇಕು. ಅಲ್ಲಿಗೆ ಮಜಾ ಕಡಿಮೆ. ಇದು ನಿಮ್ಮೊಬ್ಬರ ದೋಷವಲ್ಲ, ಎಲ್ಲರ ಮೆದುಳೂ ಹೀಗೇ.

ಆಸಕ್ತಿ ಹೇಗೆ ಬೆಳೆಯುತ್ತೆ ಎಂಬುದಕ್ಕೆ ಸುಝಾನ್ ಹಿಡಿ ಮತ್ತು ಆ್ಯನ್ ರೆನಿಂಜರ್ 2006ರಲ್ಲಿ ನಾಲ್ಕು ಹಂತಗಳನ್ನು ಗುರುತಿಸಿದರು. ಹೊರಗಿನ ಯಾವುದೋ ಒಂದು ಕಿಡಿ ಹಚ್ಚುವುದು ಮೊದಲನೆಯದು. ಸುತ್ತಲಿನ ಜನ, ವಾತಾವರಣ ಅದನ್ನು ಆರದಂತೆ ನೋಡಿಕೊಳ್ಳುವುದು ಎರಡನೆಯದು. ಮೂರನೆಯದರಲ್ಲಿ ನೀವೇ ಪ್ರಶ್ನೆ ಕೇಳಿಕೊಂಡು ಹುಡುಕಲು ಶುರು ಮಾಡುತ್ತೀರಿ. ನಾಲ್ಕನೆಯದರಲ್ಲಿ ಅದು ನಿಮ್ಮ ಭಾಗವೇ ಆಗಿ, ಕಷ್ಟ ಬಂದರೂ ಬಿಡಲಾಗುವುದಿಲ್ಲ. ಆಸರೆ ಇಲ್ಲದಿದ್ದರೆ ಯಾವ ಹಂತದಿಂದಲೂ ಹಿಂದೆ ಜಾರಬಹುದು. ನಿಮಗೆ ಕಿಡಿಗೇನೂ ಕೊರತೆಯಿಲ್ಲ. ಎರಡನೇ ಹಂತದ ಆಸರೆ ಇಲ್ಲ. ಗಿಟಾರ್, ಚೆಸ್, ಚಿತ್ರ ಎಲ್ಲವನ್ನೂ ನೀವು ರಾತ್ರಿ ಒಬ್ಬರೇ ರೂಮಿನಲ್ಲಿ, ವಿಡಿಯೋ ನೋಡಿಕೊಂಡು ಮಾಡಿದಂತಿದೆ. ಎಫ್ ಕಾರ್ಡ್ ಬಾರದಿದ್ದಾಗ ‘ಅದೇ ಬೆರಳ ಜೋಡಣೆಯನ್ನು ಐದನೇ ಫ್ರೆಟ್‌ನಲ್ಲಿ ಹಿಡಿದು ನೋಡು, ಅಲ್ಲಿ ಒತ್ತಲು ಸುಲಭ, ಆಮೇಲೆ ಒಂದೊಂದೇ ಫ್ರೆಟ್ ಕೆಳಗೆ ಬಾ’ ಎಂದು ಹೇಳುವವರು ಪಕ್ಕದಲ್ಲಿರಲಿಲ್ಲ. ನಿಮ್ಮ ಗೆಳತಿಗೆ ಐದನೇ ವಯಸ್ಸಿನಿಂದ ಗುರುಗಳಿದ್ದರು, ಜೊತೆಗೆ ಕಲಿಯುವವರಿದ್ದರು, ವಾರಕ್ಕೆ ಗೊತ್ತಾದ ದಿನ ಕ್ಲಾಸಿತ್ತು. ಅವಳು ಬಿಡದೇ ಇದ್ದದ್ದರಲ್ಲಿ ಇವುಗಳ ಪಾಲೂ ದೊಡ್ಡದೇ ಇರಬೇಕು.

ಅವಳನ್ನು ನೋಡಿ ಹೊಟ್ಟೆಕಿಚ್ಚು ಪಡುವ ಮುಂಚೆ ಇನ್ನೊಂದು ಮಾತು. ಕೆನಡಾದ ಮನಃಶಾಸ್ತ್ರಜ್ಞ ರಾಬರ್ಟ್ ವ್ಯಾಲರಾಂಡ್ ಮತ್ತು ಜೊತೆಗಾರರು 2003ರಲ್ಲಿ ಪ್ಯಾಶನ್ನಿನಲ್ಲೇ ಎರಡು ಬಗೆ ಹೇಳಿದರು. ಒಂದು ಬದುಕಿನ ಉಳಿದ ಕೆಲಸಗಳ ಜೊತೆ ಹೊಂದಿಕೊಂಡು ಹೋಗುವಂಥದ್ದು. ಇನ್ನೊಂದು ಮನುಷ್ಯನನ್ನೇ ಹಿಡಿದಿಟ್ಟುಕೊಳ್ಳುವಂಥದ್ದು. ಮಾಡದಿದ್ದರೆ ಚಡಪಡಿಕೆ, ಮಾಡಿದರೂ ನೆಮ್ಮದಿಯಿಲ್ಲ. ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬರುವವರಲ್ಲಿ ಚಿಕ್ಕಂದಿನಿಂದ ಒಂದನ್ನೇ ಹಿಡಿದು ಬೆಳೆದವರೂ ಇರುತ್ತಾರೆ. ಮೊಣಕಾಲು ನೋವಾಗಿ ಆಟ ನಿಂತರೆ ಅಥವಾ ಒಂದು ಆಯ್ಕೆಯಲ್ಲಿ ಹೆಸರು ಬರದಿದ್ದರೆ ‘ಇದು ಬಿಟ್ಟರೆ ನಾನು ಯಾರು’ ಎಂದು ಕೂತುಬಿಡುತ್ತಾರೆ. ನಿಮ್ಮ ಗೆಳತಿ ಹಾಗಿದ್ದಾಳೆ ಅಂತಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ ಅಷ್ಟೇ.

ಲೈಕ್ ವಿಷಯಕ್ಕೆ ಬರೋಣ. 1973ರಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಬಣ್ಣದ ಮಾರ್ಕರ್ ಹಿಡಿದು ಚಿತ್ರ ಬರೆಯಲು ಮೊದಲೇ ಇಷ್ಟಪಡುವ ಮಕ್ಕಳು ಅವರು. ಕೆಲವರಿಗೆ ‘ಬರೆದರೆ ಸರ್ಟಿಫಿಕೇಟ್ ಕೊಡ್ತೀವಿ’ ಎಂದು ಮೊದಲೇ ಹೇಳಿ ಕೊಟ್ಟರು. ಕೆಲವರಿಗೆ ಹೇಳದೆ ಆಮೇಲೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರದ ಮೇಲೆ ಬಿಡುವಿನ ವೇಳೆಯಲ್ಲಿ ನೋಡಿದರೆ, ಬಹುಮಾನದ ಆಸೆಯಿಂದ ಬರೆದಿದ್ದ ಮಕ್ಕಳು ಮಾರ್ಕರ್ ಮುಟ್ಟುತ್ತಿದ್ದದ್ದು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ. ನಿಮ್ಮ ಅಕೌಂಟ್ ಮಾಡಿದ್ದೂ ಇದನ್ನೇ ಇರಬೇಕು. ಸುಮ್ನೆ ಖುಷಿಗೆ ಬಿಡಿಸುತ್ತಿದ್ದವರು ಲೈಕ್‌ಗಾಗಿ ಬಿಡಿಸತೊಡಗಿದಿರಿ. ಲೈಕ್ ನಿಂತಾಗ ಚಿತ್ರವೂ ನಿಂತಿತು. ಕೈಯನ್ನು ಜೇಬಿಗೆ ಹಾಕಿದ್ದು ಕೂಡ ಜನರಿಗೆ ತೋರಿಸಬೇಕಲ್ಲ ಎಂಬ ಅಂಜಿಕೆಯಿಂದಲೇ ಅಂತ ನನ್ನ ಗುಮಾನಿ. ಯಾರೂ ನೋಡದ ಪುಸ್ತಕದಲ್ಲಿ ಕೆಟ್ಟ ಕೈ ಬಿಡಿಸಲು ಯಾರಿಗೂ ಭಯವಿಲ್ಲ. ಅಕೌಂಟ್ ಮುಚ್ಚಬೇಕಿಲ್ಲ. ಕೆಲವು ತಿಂಗಳು ಏನೂ ಹಾಕದೆ, ಎಡಗೈಯನ್ನು ಮೇಜಿನ ಮೇಲಿಟ್ಟು ಬಲಗೈಯಿಂದ ಅದನ್ನೇ ಬಿಡಿಸಿ. ಮೊದಲು ಅಂಗೈಯನ್ನು ಒಂದು ಚೌಕದಂತೆ ಹಾಕಿಕೊಂಡು, ಆಮೇಲೆ ಬೆರಳು ಸೇರಿಸಿ. ಬಾಡಿಗೆಯಿಲ್ಲದ ಮಾಡೆಲ್ ಅದು, ಎಷ್ಟು ಹೊತ್ತು ಬೇಕಾದರೂ ಕೂತಿರುತ್ತೆ.

ಇನ್ನೆರಡು ಮಾತುಗಳು ನಿಮ್ಮ ವಯಸ್ಸಿನವರ ತಲೆ ಕೆಡಿಸುತ್ತವೆ. 21 ದಿನ ಮಾಡಿದರೆ ಅಭ್ಯಾಸವಾಗುತ್ತೆ ಎನ್ನುವುದು ಒಂದು. ಇದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಮಾತಿನಿಂದ ಹರಡಿದ್ದು. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ ಅಷ್ಟು ದಿನ ಬೇಕು ಎಂದಿದ್ದರು, ಅಷ್ಟೇ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ತಂಡ ನಿಜವಾಗಿ ಅಳೆದು ನೋಡಿದಾಗ ಸರಾಸರಿ 66 ದಿನ ಬಂತು. ಕೆಲವರಿಗೆ 18 ಸಾಕಾಗಿತ್ತು, ಕೆಲವರಿಗೆ 254ರವರೆಗೂ ಬೇಕು ಎಂಬ ಅಂದಾಜು ಸಿಕ್ಕಿತು. ನಡುವೆ ಒಂದು ದಿನ ತಪ್ಪಿದರೆ ಏನೂ ಹಾಳಾಗುವುದಿಲ್ಲ ಎಂದೂ ಗೊತ್ತಾಯಿತು. ಇನ್ನೊಂದು, 10,000 ಗಂಟೆ ಅಭ್ಯಾಸ ಮಾಡಿದರೇ ಯಾವುದರಲ್ಲಾದರೂ ನಿಪುಣರಾಗುವುದು ಎಂಬ ಲೆಕ್ಕ. ಅದರ ಮೂಲದಲ್ಲಿರುವ ಮನಃಶಾಸ್ತ್ರಜ್ಞ ಆ್ಯಂಡರ್ಸ್ ಎರಿಕ್ಸನ್ 1993ರಲ್ಲಿ ನೋಡಿದ್ದು ವೃತ್ತಿಪರರಾಗಲು ಹೊರಟ ವಯಲಿನ್ ವಾದಕರನ್ನು. ಸಂಜೆ ಹೊತ್ತು ಖುಷಿಗೆ ನಾಲ್ಕು ಹಾಡು ನುಡಿಸುವವರಿಗೂ ಆ ಲೆಕ್ಕಕ್ಕೂ ಸಂಬಂಧವೇ ಇಲ್ಲ.

ಈಗ ಆ ಮೂರು ಗಂಟೆ. ಇಪ್ಪತ್ತರ ಆಸುಪಾಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ಓಡುತ್ತದೆ. ಜರ್ಮನಿಯ ಟಿಲ್ ರೋನೆಬರ್ಗ್ 2004ರಲ್ಲಿ ತೋರಿಸಿದ ಪ್ರಕಾರ ಜನ ಅತಿ ತಡವಾಗಿ ಮಲಗಿ ತಡವಾಗಿ ಏಳುವ ವಯಸ್ಸು ಸುಮಾರು 20. ಆಮೇಲೆ ಮತ್ತೆ ನಿಧಾನಕ್ಕೆ ಹಿಂದೆ ಬರುತ್ತದೆ. ಹಾಗಾಗಿ ಹನ್ನೊಂದಕ್ಕೆ ನಿದ್ದೆ ಬಾರದೇ ಇರುವುದು ನಿಮ್ಮ ಸೋಮಾರಿತನವಲ್ಲ, ಇದನ್ನು ಅಪ್ಪನಿಗೂ ಹೇಳಬಹುದು. ಆದರೆ ಹನ್ನೆರಡೂವರೆಯನ್ನು ಮೂರಕ್ಕೆ ಎಳೆದದ್ದು ಗಡಿಯಾರವಲ್ಲ, ಫೋನು. 18ರಿಂದ 25ರವರಿಗೆ ಬೇಕಾದ ನಿದ್ದೆ 7ರಿಂದ 9 ಗಂಟೆ. ಎಂಟೂವರೆ ಕ್ಲಾಸಿಗೆ ಹೋಗಬೇಕಾದ ನಿಮಗೆ ನಾಲ್ಕು ಗಂಟೆ ಸಿಕ್ಕರೆ ಹೆಚ್ಚು. ಇಷ್ಟು ಕಡಿಮೆ ನಿದ್ದೆಯಲ್ಲಿ ಕಷ್ಟದ ಯಾವ ಕೆಲಸವೂ ಇನ್ನೂ ಕಷ್ಟ ಅನ್ನಿಸುತ್ತೆ. ಅಕೌಂಟ್ಸ್ ಸಾಕಾಗಿದ್ದಕ್ಕೆ, ಪೆನ್ಸಿಲ್ ಬೇಡ ಅನ್ನಿಸಿದ್ದಕ್ಕೆ ಇದರ ಪಾಲು ಎಷ್ಟು ಅಂತ ನಿದ್ದೆ ಸರಿಯಾಗದೆ ಹೇಳಲು ಬರುವುದಿಲ್ಲ.

ಒಂದೇ ರಾತ್ರಿಗೆ ಹನ್ನೊಂದಕ್ಕೆ ಮಲಗುವ ಶಪಥ ಬೇಡ, ಅದು ನಡೆಯಲ್ಲ. ಏಳುವ ಹೊತ್ತನ್ನು ಮೊದಲು ಗಟ್ಟಿ ಮಾಡಿ. ರಜಾ ದಿನವೂ ಒಂದು ಗಂಟೆಗಿಂತ ಜಾಸ್ತಿ ತಡ ಬೇಡ. ಎದ್ದ ಕೂಡಲೇ ಬಿಸಿಲಿಗೆ ಬನ್ನಿ. ಮಲಗುವ ಹೊತ್ತನ್ನು ಎರಡು ಮೂರು ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಹಿಂದಕ್ಕೆ ತನ್ನಿ. ಸಂಜೆಯ ಮೇಲೆ ಕಾಫಿ ಬೇಡ. ಕೆಫೀನ್ ಅರ್ಧ ಇಳಿಯಲೇ ಸುಮಾರು ಐದು ಗಂಟೆ ಬೇಕು. ಫೋನ್ ಚಾರ್ಜರ್ ಬೇರೆ ರೂಮಿನಲ್ಲಿರಲಿ. ಮೊದಲ ವಾರ ಕಿರಿಕಿರಿಯಾಗುತ್ತೆ, ಹಗಲೂ ನಿದ್ದೆ ಬರುತ್ತೆ, ತಡೆದುಕೊಳ್ಳಿ. ಹವ್ಯಾಸವನ್ನು ರಾತ್ರಿಯಿಂದ ತೆಗೆದು ಸಂಜೆಗೆ ಹಾಕಿ.

ಕೋರ್ಸ್ ಬಿಡಲಾ ಎಂದು ಕೇಳಿದ್ದೀರಿ. ಈಗಲೇ ಬೇಡ ಎಂಬುದು ನನ್ನ ಅಭಿಪ್ರಾಯ. ಎಂದಿಗೂ ಬೇಡ ಅಂತಲ್ಲ. ಚಾರ್ಲ್ಸ್ ಡಾರ್ವಿನ್ 1825ರಲ್ಲಿ, 16ನೇ ವಯಸ್ಸಿಗೆ, ಡಾಕ್ಟರಿಕೆ ಓದಲು ಎಡಿನ್‌ಬರೋಗೆ ಹೋದ. ಅರಿವಳಿಕೆ ಇಲ್ಲದ ಕಾಲದ ಆಪರೇಷನ್ ನೋಡಲಾಗದೆ ಅದನ್ನು ಬಿಟ್ಟ. ಪಾದ್ರಿಯಾಗಲೆಂದು ಕೇಂಬ್ರಿಜ್ ಸೇರಿದ. ಅಲ್ಲಿ ಅವನಿಗೆ ಹಿಡಿದದ್ದು ಜೀರುಂಡೆ ಹಿಡಿಯುವ ಹುಚ್ಚು. ಒಮ್ಮೆ ಎರಡೂ ಕೈಯಲ್ಲಿ ಒಂದೊಂದು ಜೀರುಂಡೆ ಇದ್ದಾಗ ಮೂರನೆಯದು ಕಂಡು, ಕೈ ಖಾಲಿ ಮಾಡಿಕೊಳ್ಳಲು ಒಂದನ್ನು ಬಾಯಿಗೆ ಹಾಕಿಕೊಂಡ. ಅದು ನಾಲಿಗೆ ಸುಡುವ ರಸ ಬಿಟ್ಟಿತು, ಉಗಿಯಬೇಕಾಯಿತು, ಮೂರನೆಯದೂ ಕೈತಪ್ಪಿತು ಎಂದು ಅವನೇ ಬರೆದಿದ್ದಾನೆ. ಆದರೆ ಎರಡನೇ ಸಲ ಡಿಗ್ರಿ ಬಿಡಲಿಲ್ಲ. 1831ರಲ್ಲಿ ಅದನ್ನು ಮುಗಿಸಿದ, ಅದೇ ಡಿಸೆಂಬರ್‌ನಲ್ಲಿ ಬೀಗಲ್ ಹಡಗು ಹತ್ತಿದ. ಒಬ್ಬನೇ ಮನುಷ್ಯನ ಬದುಕಿನಲ್ಲಿ ಬಿಟ್ಟದ್ದೂ ಇದೆ, ಬಿಡದೆ ಪಕ್ಕದಲ್ಲಿ ಹುಚ್ಚು ಸಾಕಿದ್ದೂ ಇದೆ. ಎಲ್ಲರೂ ಡಾರ್ವಿನ್ ಆಗಲ್ಲ, ಅದು ಬೇರೆ ಮಾತು.

ಈಗ ಬಿಟ್ಟರೆ ಅಪಾಯವೇನು? ಎರಡು ವರ್ಷ ಮತ್ತು ಮನೆಯವರ ಹಣ ಹೋಗುತ್ತೆ, ಅದು ಕಣ್ಣಿಗೆ ಕಾಣುವಂಥದ್ದು. ಕಾಣದ್ದು ಇನ್ನೊಂದಿದೆ. ಡಿಸೈನ್ ಕೋರ್ಸಿನಲ್ಲಿ ದಿನವಿಡೀ ನಿಮ್ಮಿಷ್ಟದ ಮುಖ ಬಿಡಿಸುತ್ತಾ ಕೂರುವುದಿಲ್ಲ. ಬೇರೆಯವರು ಹೇಳಿದ್ದನ್ನು, ಹೇಳಿದ ದಿನಕ್ಕೆ, ನಾಲ್ಕು ಸಲ ತಿದ್ದಿಸಿಕೊಂಡು ಕೊಡಬೇಕು. ಮೂರನೇ ತಿಂಗಳಿಗೆ ಅಲ್ಲೂ ಒಂದು ಎಫ್ ಕಾರ್ಡ್ ಬರುತ್ತೆ. ಬಿಡದೇ ಇದ್ದರೂ ಅಪಾಯ ಇಲ್ಲವೆಂದಲ್ಲ. ಕಾಮರ್ಸ್ ನಿಜಕ್ಕೂ ಒಗ್ಗದಿದ್ದರೆ ಇನ್ನೊಂದು ವರ್ಷ ಸುಮ್ಮನೆ ಸವೆಯುತ್ತೀರಿ. ಆದ್ದರಿಂದ ಈ ಸೆಮಿಸ್ಟರ್ ಮುಗಿಯುವವರೆಗೆ ಸಮಯ ಕೊಡಿ. ಅಷ್ಟರಲ್ಲಿ ನಿದ್ದೆ ಸರಿ ಮಾಡಿಕೊಳ್ಳಿ. ಡಿಸೈನ್ ಮೊದಲ ವರ್ಷದ ಪಠ್ಯ ತೆಗೆದು ಅದರ ಒಂದು ಅಸೈನ್‌ಮೆಂಟನ್ನು ಗಡುವಿಟ್ಟುಕೊಂಡು ಮಾಡಿ, ಕೊನೆಯ ವರ್ಷದ ಯಾರಿಗಾದರೂ ತೋರಿಸಿ ತಿದ್ದಿಸಿಕೊಳ್ಳಿ. ತಿದ್ದಿಸಿಕೊಂಡ ಮೇಲೂ ಮತ್ತೆ ಮಾಡೋಣ ಅನ್ನಿಸಿತಾ ಎಂಬುದು ನನಗೆ ಬೇಕಾದ ಉತ್ತರ. ಅನ್ನಿಸಿದರೆ ಮನೆಯಲ್ಲಿ ಮಾತಾಡಲು ಕೈಯಲ್ಲಿ ಏನೋ ಇರುತ್ತೆ.

ಕೆಲವರು ‘ಡಿಗ್ರಿ ಮುಗಿಯುವವರೆಗೆ ಹವ್ಯಾಸವೆಲ್ಲ ಬಂದ್’ ಎನ್ನುತ್ತಾರೆ. ನಾನು ಹೇಳಲ್ಲ. ಖಾಲಿಯಾದ ಆ ಹೊತ್ತನ್ನು ಪುಸ್ತಕ ತುಂಬುವುದು ಅಪರೂಪ, ಫೋನೇ ತುಂಬುತ್ತೆ. ಬಿಟ್ಟ ಮೂರರಲ್ಲಿ ಒಂದನ್ನು ಆರಿಸಿ, ವಾರಕ್ಕೆ ಮೂರು ಸಂಜೆ, ಅರ್ಧರ್ಧ ಗಂಟೆ, ಸಾಧ್ಯವಾದರೆ ಇನ್ನೊಬ್ಬರ ಜೊತೆ ಮಾಡಿ. ಆ ಕಷ್ಟದ ಜಾಗ ದಾಟುವವರೆಗೆ ಮಾತ್ರ. ದಾಟಿದ ಮೇಲೂ ಬೇಡ ಅನ್ನಿಸಿದರೆ ಧಾರಾಳವಾಗಿ ಬಿಡಿ. ಅಪ್ಪನ ಜೊತೆ ಈಗ ವಾದ ಬೇಡ. ಒಂದು ದಾಟಿದ ಮೇಲೆ ಹೇಳಿ, ಆಗ ಅವರು ಕೇಳುತ್ತಾರೆ.

ಕೊನೆಗೆ ಎಡಿಎಚ್‌ಡಿ. ಇಂಟರ್ನೆಟ್ ಟೆಸ್ಟ್ ಹೆಚ್ಚೆಂದರೆ ‘ಒಮ್ಮೆ ತೋರಿಸಿ’ ಎಂದು ಹೇಳಬಲ್ಲದು, ಇದೆ ಅಥವಾ ಇಲ್ಲ ಎಂದು ಹೇಳಲಾರದು. ವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಕೆಲವು ಲಕ್ಷಣಗಳಾದರೂ 12 ವರ್ಷಕ್ಕೆ ಮುಂಚೆಯೇ ಇದ್ದಿರಬೇಕು. ಮನೆ, ಕಾಲೇಜು ಹೀಗೆ ಎರಡು ಕಡೆಯಾದರೂ ಕಾಣಬೇಕು, ಬದುಕಿಗೆ ಅಡ್ಡಿಯಾಗುತ್ತಿರಬೇಕು. ಹವ್ಯಾಸ ಬದಲಾಯಿಸುವುದೊಂದೇ ಲಕ್ಷಣವಾಗುವುದಿಲ್ಲ. ನಿದ್ದೆಗೆಟ್ಟವರೂ ಮರೆಯುತ್ತಾರೆ, ಗಮನ ತಪ್ಪುತ್ತಾರೆ, ಹಾಗಾಗಿ ಟೆಸ್ಟ್ ಎಡವುವುದು ಸಹಜ. ನಾಲ್ಕಾರು ವಾರ ನಿದ್ದೆ ಸರಿಯಾಗಿ ಮಾಡಿಯೂ ಗಮನ ನಿಲ್ಲದಿದ್ದರೆ ಮನೋವೈದ್ಯರನ್ನು ಕಾಣಿ. ಯಾರೋ ಗೆಳೆಯರ ಹತ್ತಿರವಿರುವ ಮಾತ್ರೆಯನ್ನು ನುಂಗಿ ನೋಡುವ ಕೆಲಸ ಮಾತ್ರ ಬೇಡ.

ಎರಡು ಸಂದರ್ಭದಲ್ಲಿ ಕಾಯಬಾರದು. ಎರಡು ವಾರಕ್ಕೂ ಹೆಚ್ಚು ಯಾವುದೂ ಬೇಡ, ಹಾಡೂ ಬೇಡ, ಗೆಳತಿಯರೂ ಬೇಡ ಅನ್ನಿಸಿದರೆ ಅದು ಖಿನ್ನತೆ ಇರಬಹುದು. ಇನ್ನೊಂದು, ದಿನಗಟ್ಟಲೆ ಮೂರು ಗಂಟೆ ಮಲಗಿಯೂ ಸುಸ್ತೇ ಇಲ್ಲದೆ, ಮಾತು, ಯೋಚನೆ, ಖರ್ಚು ಎಲ್ಲ ಓಡತೊಡಗಿದರೆ. ನೀವು ಕ್ಲಾಸಿನಲ್ಲಿ ತೂಕಡಿಸುತ್ತಿದ್ದೀರಿ, ಹಾಗಾಗಿ ಇದು ನಿಮ್ಮ ಕಥೆಯಲ್ಲ ಅನ್ನಿಸುತ್ತೆ. ಆದರೂ ಗೊತ್ತಿರಲಿ.

ವೈದ್ಯರ ಹತ್ತಿರ ಹೋಗುವುದಾದರೆ ಪ್ರಾಥಮಿಕ ಶಾಲೆಯ ಅಂಕಪಟ್ಟಿಗಳನ್ನು ಹುಡುಕಿ ತೆಗೆದುಕೊಂಡು ಹೋಗಿ. ಟೀಚರ್ ಷರಾ ಬರೆದಿರುವ ಹಾಳೆಗಳು ಬಹಳ ಉಪಯೋಗಕ್ಕೆ ಬರುತ್ತವೆ. ಚಿಕ್ಕಂದಿನಲ್ಲಿ ನೀವು ಹೇಗಿದ್ದಿರಿ ಅಂತ ಅಮ್ಮನನ್ನೋ ಅಪ್ಪನನ್ನೋ ಕೇಳುತ್ತಾರೆ, ಅವರಲ್ಲಿ ಒಬ್ಬರು ಜೊತೆಗಿದ್ದರೆ ಒಳ್ಳೆಯದು. ಎರಡು ವಾರ ಮಲಗಿದ, ಎದ್ದ ಹೊತ್ತನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಅದನ್ನೂ ಕೊಡಿ.